ಸ್ಲರ್ಮ್‌ನಲ್ಲಿ (ಕ್ಲಸ್ಟರ್ ಅಂದ್ರೆ ಹಲವು ಕಂಪ್ಯೂಟರ್‌ಗಳ ಗುಂಪಲ್ಲಿ ಯಾರ ಕೆಲಸ ಯಾವಾಗ ಓಡ್ಬೇಕು ಅಂತ ಸಾಲು ಹಚ್ಚೋ ಸಾಫ್ಟ್‌ವೇರ್) ನನ್ನ ಜಾಬ್ ಪೆಂಡಿಂಗಲ್ಲೇ ಇದೆ, ಆಮೇಲೆ ಹಾಕಿದವರದ್ದು ಓಡ್ತಿದೆ. ಅರ್ಧ ದಿನದಲ್ಲಿ ಮುಗಿಯೋ ಗ್ರೋಮ್ಯಾಕ್ಸ್ (ಅಣುಗಳ ಚಲನೆ ಲೆಕ್ಕ ಹಾಕೋ ಸಾಫ್ಟ್‌ವೇರ್) ರನ್ ಅದು, ಸ್ಕ್ರಿಪ್ಟಲ್ಲಿ ಟೈಮ್ ಲಿಮಿಟ್ 96 ಗಂಟೆ ಅಂತಿದೆ. ಕ್ಯಾನ್ಸಲ್ ಮಾಡಿ ಮತ್ತೆ ಹಾಕ್ಲಾ?

ಕ್ಯಾನ್ಸಲ್ ಮಾತ್ರ ಮಾಡ್ಬೇಡಿ. ಸಾಮಾನ್ಯವಾಗಿ ಕಾದಷ್ಟೂ ಜಾಬ್‌ನ ಪ್ರಯಾರಿಟಿ ಏರ್ತಾ ಹೋಗುತ್ತೆ, ಕಿತ್ತು ಮತ್ತೆ ಹಾಕಿದ್ರೆ ಇಷ್ಟು ಹೊತ್ತು ಕಾದಿದ್ದೆಲ್ಲ ದಂಡ.

ಮೊದ್ಲು ಎಸ್‌ಕ್ಯೂ (squeue) ಕಮಾಂಡ್ ಹಾಕಿ ಕೊನೇ ಕಾಲಂ ನೋಡಿ. ರಿಸೋರ್ಸಸ್ ಅಂತಿದ್ರೆ ನೋಡ್ (ಕ್ಲಸ್ಟರಲ್ಲಿರೋ ಒಂದೊಂದು ಕಂಪ್ಯೂಟರ್) ಖಾಲಿ ಆಗೋದಕ್ಕೆ ಕಾಯ್ತಿದೆ, ಪ್ರಯಾರಿಟಿ ಅಂತಿದ್ರೆ ಮುಂದೆ ಇನ್ನೂ ಜನ ಇದ್ದಾರೆ, ಕ್ಯೂಓಎಸ್ ಅಂತ ಶುರುವಾಗೋ ಉದ್ದನೆ ಹೆಸರಿದ್ರೆ ಬಳಕೆಗೆ ಇಟ್ಟಿರೋ ಲಿಮಿಟ್ ಮುಟ್ಟಿದೆ ಅಂತ.

ಆದ್ರೆ ನೀವು ಹಾಕಿರೋ ಸ್ಕ್ರಿಪ್ಟಲ್ಲಿ ನಂಗೆ ಕಣ್ಣಿಗೆ ಬಿದ್ದಿದ್ದು ಟೈಮ್ ಲಿಮಿಟ್. ಅರ್ಧ ದಿನದಲ್ಲಿ ಮುಗಿಯುತ್ತೆ ಅಂತ ನೀವೇ ಹೇಳೋ ಗ್ರೋಮ್ಯಾಕ್ಸ್ ರನ್‌ಗೆ 96 ಗಂಟೆ ಯಾಕೆ? ಸೀನಿಯರ್ ಕೊಟ್ಟ ಸ್ಕ್ರಿಪ್ಟ್ ಇರ್ಬೇಕು, ಎಲ್ಲಾ ಲ್ಯಾಬಲ್ಲೂ ಇದೇ ಕಥೆ. ಸ್ಲರ್ಮ್ ಬ್ಯಾಕ್‌ಫಿಲ್ ಅಂತ ಮಾಡುತ್ತೆ, ಅಂದ್ರೆ ಮುಂದಿರೋ ದೊಡ್ಡ ಜಾಬ್‌ಗೆ 16 ನೋಡ್ ಬೇಕು, ಈಗ 10 ಖಾಲಿ, ಮಿಕ್ಕಿದ್ದು ಇನ್ನು 5 ಗಂಟೆ ಆದ್ಮೇಲೆ ಬಿಡುಗಡೆ ಆಗುತ್ತೆ ಅಂದ್ಕೊಳ್ಳಿ, ಅಷ್ಟರೊಳಗೆ ಮುಗಿಸ್ತೀನಿ ಅಂತ ಬರೆದುಕೊಟ್ಟಿರೋ ಸಣ್ಣ ಜಾಬನ್ನ ಆ ಗ್ಯಾಪಲ್ಲಿ ತೂರಿಸುತ್ತೆ. ಭಾನುವಾರ ಹೋಟ್ಲಲ್ಲಿ ಎಂಟು ಜನದ ಫ್ಯಾಮಿಲಿ ಟೇಬಲ್‌ಗೆ ಕಾಯ್ತಿರುವಾಗ ಬರೀ ಕಾಫಿ ಅಂದವನಿಗೆ ಸೀಟ್ ಸಿಗುತ್ತಲ್ಲ, ಹಂಗೆ. 96 ಅಂತ ಬರೆದ ನಿಮ್ಮನ್ನ ಆ ಗ್ಯಾಪಲ್ಲಿ ಯಾರು ಕೂರಿಸ್ತಾರೆ? ಮುಂದೆ ಮೇಂಟೆನೆನ್ಸ್ ಇದ್ರಂತೂ, ಅದಕ್ಕೆ ಮುಂಚೆ ಮುಗಿಯದ ಜಾಬ್ ಶುರುವೇ ಆಗಲ್ಲ.

ಖುಷಿ ವಿಷ್ಯ ಅಂದ್ರೆ ಕಾಯ್ತಿರೋ ಜಾಬ್‌ನ ಟೈಮ್ ಲಿಮಿಟ್ಟನ್ನ ಎಸ್‌ಕಂಟ್ರೋಲ್ ಅಪ್‌ಡೇಟ್ (scontrol update) ಕಮಾಂಡ್‌ನಿಂದ ನೀವೇ ಇಳಿಸ್ಬಹುದು, ಕ್ಯೂನಲ್ಲಿ ಕಾದ ವಯಸ್ಸೂ ಉಳಿಯುತ್ತೆ. ಏರಿಸ್ಬೇಕಂದ್ರೆ ಮಾತ್ರ ಅಡ್ಮಿನ್ ಕಾಲು ಹಿಡೀಬೇಕು, ಹಾಗಾಗಿ ತೀರಾ ಟೈಟ್ ಇಡ್ಬೇಡಿ, ಹಳೇ ರನ್ ತಗೊಂಡಿದ್ದಕ್ಕಿಂತ ಕಾಲು ಭಾಗ ಜಾಸ್ತಿ ಇರ್ಲಿ. ಒಂದ್ವೇಳೆ ಟೈಮ್ ಮುಗಿದು ಸತ್ರೂ ಗ್ರೋಮ್ಯಾಕ್ಸ್ ತಾನಾಗೇ 15 ನಿಮಿಷಕ್ಕೊಂದು ಚೆಕ್‌ಪಾಯಿಂಟ್ ಬರೆದಿರುತ್ತೆ, ಅಲ್ಲಿಂದ ಮುಂದುವರಿಸ್ಬಹುದು.

ಹಳೇ ರನ್ ಎಷ್ಟು ಹೊತ್ತು, ಎಷ್ಟು ಮೆಮೊರಿ ತಿಂತು ಅನ್ನೋದು ಎಸ್‌ಅಕೌಂಟ್ (sacct) ಕಮಾಂಡಲ್ಲಿ ಸಿಗುತ್ತೆ. ಮೆಮೊರಿ ಕಾಲಂ ಮೊದಲ್ನೇ ಸಾಲಲ್ಲಿ ಖಾಲಿ ಇರುತ್ತೆ, ಗಾಬರಿ ಬೇಡ, ಕೆಳಗಿನ ಬ್ಯಾಚ್ ಮತ್ತೆ ಸ್ಟೆಪ್ ಸಾಲುಗಳನ್ನ ನೋಡಿ. ಅದೂ ಆಗಾಗ ಇಣುಕಿ ತಗೊಂಡ ಲೆಕ್ಕ, ಮಧ್ಯೆ ಒಂದ್ಸಲ ಜಿಗಿದಿದ್ದು ಕಾಣ್ದೇ ಹೋಗ್ಬಹುದು, ಅದಕ್ಕೇ ಮೆಮೊರಿನೂ ಸ್ವಲ್ಪ ಸಡಿಲ ಬಿಡಿ.

ಮತ್ತೆ ಸೆಕೆಂಡಿಗೊಂದ್ಸಲ ಎಸ್‌ಕ್ಯೂ ಓಡಿಸೋ ವಾಚ್ (watch) ಕಮಾಂಡ್ ಹಾಕಿಟ್ಟು ಮಲಗ್ಬೇಡಿ ದಯವಿಟ್ಟು, ಎಲ್ರೂ ಹಂಗೆ ಮಾಡಿದ್ರೆ ಎಲ್ಲಾ ಜಾಬ್ ನೋಡ್ಕೊಳ್ಳೋ ಸ್ಲರ್ಮ್ ಕಂಟ್ರೋಲರ್ರೇ ನಿಧಾನ ಆಗುತ್ತೆ. ನಿಮ್ಮ ಕ್ಲಸ್ಟರಲ್ಲಿ ಮೇಲ್ ಸೆಟಪ್ ಇದ್ರೆ ಸ್ಕ್ರಿಪ್ಟಲ್ಲಿ ಮೇಲ್ ಟೈಪ್ (#SBATCH --mail-type=BEGIN) ಅಂತ ಒಂದು ಸಾಲು ಸೇರಿಸಿ, ಜಾಬ್ ಶುರುವಾದಾಗ ಅದೇ ಹೇಳುತ್ತೆ.