ದೋಣಿಯ ಪೇಂಟ್ ಮೇಲೆ ಎಣ್ಣೆ ಕಲೆ: ಉಜ್ಜೋ ಮೊದಲು ತೊಳೆಯಿರಿ

ಪ್ರಶ್ನೆ: ನಮ್ಮದು ಗಂಗೊಳ್ಳಿ ಕಡೆಯ ಫೈಬರ್ ನಾಡದೋಣಿ. ಔಟ್‌ಬೋರ್ಡ್ ಎಂಜಿನ್, ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಮಾಡಿ ಆಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತೇವೆ. ಟ್ಯಾಂಕ್ ಇಡುವ ಜಾಗದಿಂದ ಹೊರಮೈಯ ಬಿಳಿ ಪೇಂಟ್ ಮೇಲೆ ಹಳದಿ ಗೆರೆಗಳು ಇಳಿದಿವೆ. ಹೋದ ವರ್ಷ ಎಮೆರಿ ಪೇಪರ್ ಹಾಕಿ ಉಜ್ಜಿ ಹೊಸ ಪೇಂಟ್ ಹೊಡೆಸಿದೆವು. ಒಂದೇ ಸೀಸನ್‌ನಲ್ಲಿ ಅಲ್ಲೇ ಸಿಪ್ಪೆ ಎದ್ದು ಬಂತು. ಈ ಸಲ ಏನು ಮಾಡೋದು?

ಉತ್ತರ: ಉಜ್ಜಿ ಆಮೇಲೆ ಹೊಡೆಸಿದೆವು ಅಂದಿರಲ್ಲ, ತೊಂದರೆ ಅಲ್ಲೇ ಆಗಿದೆ. ಎಣ್ಣೆ ಪಸೆ ಇರುವ ಮೈಯನ್ನು ಉಜ್ಜಿದರೆ ಪಸೆ ಹೋಗೋದಿಲ್ಲ, ಪೇಪರ್ ಮಾಡಿದ ಗೀರುಗಳ ಒಳಗೇ ಹೋಗಿ ಕೂರುತ್ತದೆ. ಅದರ ಮೇಲೆ ಎಷ್ಟು ದುಬಾರಿ ಪೇಂಟ್ ಹೊಡೆದರೂ ಹಿಡಿಯೋದಿಲ್ಲ. ಪೇಂಟ್ ಅಂಗಡಿಯವರನ್ನೋ ಹೊಡೆದವರನ್ನೋ ಬೈಯಬೇಡಿ.

ಪೆಟ್ರೋಲ್ ಚೆಲ್ಲಿದರೆ ಸ್ವಲ್ಪ ಹೊತ್ತಿಗೆ ಹಾರಿಹೋಗುತ್ತದೆ. ಉಳಿಯೋದು ಅದರಲ್ಲಿ ಬೆರೆಸಿದ ಎಂಜಿನ್ ಎಣ್ಣೆ, ಅಂದರೆ ಟು‑ಟಿ ಆಯಿಲ್ ಮತ್ತು ಅದರ ಬಣ್ಣ. ಸೀಮೆಎಣ್ಣೆ ನಿಧಾನವಾಗಿ ಆರುತ್ತದೆ, ಅಷ್ಟು ಹೊತ್ತೂ ಪೇಂಟ್ ಒಳಗೆ ಇಳಿಯುತ್ತಾ ಇರುತ್ತದೆ. ನಿಮ್ಮ ದೋಣಿಯ ಮೈಮೇಲೆ ಅಂಗೈ ಸವರಿ ನೋಡಿ. ಕೈಗೆ ಬಿಳಿ ಪುಡಿ ಹತ್ತಿದರೆ ಪೇಂಟ್ ಬಿಸಿಲಿಗೆ ಸತ್ತಿದೆ ಅಂತ ಅರ್ಥ, ಅಂಥ ಪೇಂಟ್ ಎಣ್ಣೆಯನ್ನು ಬಹಳ ಬೇಗ ಕುಡಿಯುತ್ತದೆ.

ಮೊದಲು ಮೇಲಿರೋದು ಯಾವ ಪೇಂಟ್ ಅಂತ ಗೊತ್ತಾಗಬೇಕು. ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ತಿನ್ನರ್ ಹಾಕಿದ ಬಿಳಿ ಬನಿಯನ್ ಬಟ್ಟೆಯನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಪೇಂಟ್ ಮೆತ್ತಗಾಗಿ ಬಟ್ಟೆಗೆ ಹತ್ತಿದರೆ ಅದು ಸಾದಾ ಎನಾಮೆಲ್. ಏನೂ ಆಗಲಿಲ್ಲ ಅಂದರೆ ಹಾರ್ಡ್‌ನರ್ ಬೆರೆಸಿ ಹೊಡೆಯುವ ಪಿಯು (ಪಾಲಿಯುರೆಥೇನ್) ಪೇಂಟ್ ಇರಬಹುದು. ಎನಾಮೆಲ್ ಆದರೆ ಕಲೆ ತೆಗೆಯೋಕೆ ತಿನ್ನರ್ ಮುಟ್ಟಲೇಬೇಡಿ. ಪೆಟ್ರೋಲ್ ಹಾಕಿ ಒರೆಸೋ ಅಭ್ಯಾಸ ದಡದಲ್ಲಿ ಜಾಸ್ತಿ ಇದೆ, ದಯವಿಟ್ಟು ಅದನ್ನು ಬಿಡಿ. ಪೇಂಟ್ ಕರಗುತ್ತದೆ ಅನ್ನೋದು ಒಂದು, ಪಕ್ಕದಲ್ಲಿ ಯಾರೋ ಬೀಡಿ ಹಚ್ಚಿದರೆ ದೋಣಿ ಮಾತ್ರ ಅಲ್ಲ, ಜೀವವೂ ಹೋಗುತ್ತದೆ.

ಈಗ ತೊಳೆಯುವ ವಿಷಯ. ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಸ್ವಲ್ಪ ಜಾಸ್ತಿಯೇ ಹಾಕಿ ಮೆತ್ತನೆ ಬ್ರಷ್‌ನಲ್ಲಿ ತಿಕ್ಕಿ, ಕೆಳಗಿನಿಂದ ಮೇಲಕ್ಕೆ, ಇಲ್ಲದಿದ್ದರೆ ಕೊಳೆ ನೀರು ಒಣ ಪೇಂಟ್ ಮೇಲೆ ಇಳಿದು ಹೊಸ ಗೆರೆ ಮೂಡಿಸುತ್ತದೆ. ಸಿಹಿ ನೀರಲ್ಲಿ ಚೆನ್ನಾಗಿ ತೊಳೆದು ಒಣಗಿಸಿ. ಆಮೇಲೆ ಟರ್ಪೆಂಟೈನ್. ಒಂದು ಬಟ್ಟೆಯಲ್ಲಿ ಅದನ್ನು ಹಚ್ಚಿ, ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಲ್ಲಿ ಒಂದೇ ದಿಕ್ಕಿಗೆ ಒರೆಸಿ ತೆಗೆಯಿರಿ. ಬಟ್ಟೆ ಬದಲಾಯಿಸುತ್ತಾ ಇರಿ. ಒಂದೇ ಬಟ್ಟೆಯಲ್ಲಿ ಇಡೀ ಪಕ್ಕ ಒರೆಸಿದರೆ ಎಣ್ಣೆಯನ್ನು ಸುಮ್ನೆ ಹರಡಿದ ಹಾಗೆ, ಅಲ್ವಾ? ತೊಳೆದ ನೀರು ಅಳಿವೆಗೆ ಹರಿಯದ ಹಾಗೆ ನೋಡಿಕೊಳ್ಳಿ. ನಾವು ಬಲೆ ಹಾಕೋದು ಅದೇ ನೀರಿಗೆ.

ಎಣ್ಣೆ ಹೋಯಿತಾ ಅಂತ ತಿಳಿಯೋಕೆ ಒಂದು ಚೊಂಬು ನೀರು ಸಾಕು. ಕಲೆ ಇದ್ದ ಕಡೆ ಮೇಲಿನಿಂದ ನಿಧಾನಕ್ಕೆ ಬಿಡಿ. ನೀರು ತೆಳ್ಳಗೆ ಹಾಳೆಯ ಹಾಗೆ ಇಳಿದರೆ ಮೈ ಶುದ್ಧ. ನಡುವೆ ಒಡೆದು ಹನಿ ಹನಿಯಾಗಿ ನಿಂತರೆ ಅಲ್ಲಿ ಇನ್ನೂ ಪಸೆ ಇದೆ, ಮತ್ತೆ ತೊಳೆಯಿರಿ. ಇದೊಂದು ಪರೀಕ್ಷೆ ಮಾಡದೆ ಪೇಪರ್ ಕೈಗೆ ತಗೊಳ್ಳಬೇಡಿ.

ಇಷ್ಟಾದ ಮೇಲೆ ಬರೀ ತಿಳಿ ಹಳದಿ ಉಳಿದು, ಪೇಂಟ್ ಗಟ್ಟಿಯಾಗಿದ್ದರೆ ಹೊಸ ಪೇಂಟೇ ಬೇಡ. ರಬ್ಬಿಂಗ್ ಕಾಂಪೌಂಡ್ ಹಾಕಿ ಕೈಯಲ್ಲೇ ಉಜ್ಜಿ, ಮೇಲೆ ವ್ಯಾಕ್ಸ್ ಹಚ್ಚಿ ಬಿಡಿ. ಆದರೆ ಉಗುರು ಒತ್ತಿದಾಗ ಗುರುತು ಬೀಳುತ್ತಿದ್ದರೆ ಆ ಪೇಂಟ್ ಸತ್ತಂತೆಯೇ. ನಿಮ್ಮದು ಸಿಪ್ಪೆ ಎದ್ದಿರೋದರಿಂದ ಇದೇ ಇರಬೇಕು. 180 ನಂಬರ್ ಪೇಪರ್‌ನಲ್ಲಿ ಗಟ್ಟಿ ಪದರ ಸಿಗುವ ತನಕ ತೆಗೆದು, ಅಂಚುಗಳನ್ನು ಇಳಿಜಾರು ಮಾಡಿ, 320ರ ವಾಟರ್ ಪೇಪರ್ ಹಾಕಿ. ಫೈಬರ್ ಕಂಡ ಕಡೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ತೆಳುವಾಗಿ ಎರಡು ಕೋಟ್. ಹಳೆಯದು ಎನಾಮೆಲ್ ಆಗಿದ್ದರೆ ಮೇಲೆ ಎನಾಮೆಲ್ಲೇ ಹೊಡೆಯಿರಿ. ಪಿಯುವಿನ ತಿನ್ನರ್ ಕೆಳಗಿನದನ್ನು ಸುಕ್ಕು ಎಬ್ಬಿಸುತ್ತದೆ.

ಎಂಜಿನ್ ಕೂರಿಸುವ ಹಿಂದಿನ ಹಲಗೆಯ ಬೋಲ್ಟ್ ತೂತುಗಳನ್ನೂ ನೋಡಿ. ಬಹಳ ದೋಣಿಗಳಲ್ಲಿ ಅಲ್ಲಿ ಫೈಬರ್ ಒಳಗೆ ಪ್ಲೈವುಡ್ ಇರುತ್ತದೆ. ಸಣ್ಣ ಸುತ್ತಿಗೆಯಲ್ಲಿ ತಟ್ಟಿದಾಗ ಒಂದು ಕಡೆ ಮಾತ್ರ ಮಂಕು ಸದ್ದು ಬಂದರೆ ಪೇಂಟಿನ ಮಾತು ಬಿಟ್ಟು ಫೈಬರ್ ಕೆಲಸದವರನ್ನು ಕರೆಸಿ.

ಕಾಲದ ವಿಷಯ. ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದಲ್ಲಿ ಬಿಡುವಿದೆ ಅಂತ ಎಲ್ಲರೂ ಆಗಲೇ ಪೇಂಟ್ ಹೊಡೆಸುತ್ತಾರೆ. ಶೆಡ್ ಇಲ್ಲದಿದ್ದರೆ ಆ ತೇವಕ್ಕೆ ಪೇಂಟ್ ಹಿಡಿಯೋದಿಲ್ಲ. ಮೇ ತಿಂಗಳಲ್ಲಿ ಒಂದೆರಡು ದಿನದ ಮೀನು ಹೋದರೂ ಪರವಾಗಿಲ್ಲ, ಬಿಸಿಲಲ್ಲೇ ಮುಗಿಸಿ.

ಕಲೆ ಮತ್ತೆ ಬರದಿರಬೇಕಾದರೆ ಟ್ಯಾಂಕ್ ನೋಡಿ. ಬೆಳಗಿನ ಜಾವದ ತಂಪಲ್ಲಿ 25 ಲೀಟರ್ ಟ್ಯಾಂಕನ್ನು ಕತ್ತಿನ ತನಕ ತುಂಬಿಸಿದರೆ, ಮಧ್ಯಾಹ್ನ ಎಣ್ಣೆ ಬೆಳಗಿಗಿಂತ 15 ಡಿಗ್ರಿ ಹೆಚ್ಚು ಬಿಸಿಯಾದಾಗ ಸುಮಾರು 350 ಎಂ.ಎಲ್. ಹಿಗ್ಗುತ್ತದೆ. ಅದು ಕ್ಯಾಪಿನ ಗಾಳಿ ತೂತಿನಿಂದ ಹೊರಗೆ ಬಂದು ನಿಮ್ಮ ಬಿಳಿ ಪೇಂಟ್ ಮೇಲೇ ಇಳಿಯುತ್ತದೆ. ಎರಡು ಲೀಟರಿನಷ್ಟು ಜಾಗ ಬಿಟ್ಟು ತುಂಬಿಸಿ, ಕ್ಯಾಪಿನ ವಾಷರ್ ಬದಲಾಯಿಸಿ, ಪೈಪಿನ ಕ್ಲಿಪ್ ಬಿಗಿ ಇದೆಯಾ ನೋಡಿ.

ಪ್ರಶ್ನೆ: ಮಲ್ಪೆಯಲ್ಲಿ ನಮ್ಮ ಡೀಸೆಲ್ ಬೋಟಿನ ಹೊಗೆ ಪೈಪಿನ ಕೆಳಗೆ ಕಪ್ಪು ಮಸಿ, ಪಕ್ಕದಲ್ಲಿ ಕೆಂಪು ಗೆರೆ. ಎರಡಕ್ಕೂ ಒಂದೇ ಔಷಧವಾ?

ಉತ್ತರ: ಅಲ್ಲ. ಕಪ್ಪು ಮಸಿ ಎಣ್ಣೆ ಬೆರೆತದ್ದು, ಮೇಲೆ ಹೇಳಿದ ಸೋಪು ನೀರಿಗೇ ಹೋಗುತ್ತದೆ. ಕೆಂಪು ಗೆರೆ ಬೋಲ್ಟಿನ ತುಕ್ಕು. ಅದಕ್ಕೆ ಆಕ್ಸಾಲಿಕ್ ಆಸಿಡ್ ಪುಡಿಯನ್ನು ನೀರಲ್ಲಿ ಕಲಸಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ತೊಳೆಯಿರಿ. ವಿಷ ಅದು, ಗ್ಲೌಸ್ ಹಾಕಿಕೊಳ್ಳಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಮಸಿ ಇದ್ದಕ್ಕಿದ್ದಂತೆ ಜಾಸ್ತಿಯಾಗಿದ್ದರೆ ಇಂಜೆಕ್ಟರ್ ಮತ್ತು ಏರ್ ಫಿಲ್ಟರ್ ತೋರಿಸಿ. ಪೇಂಟಿನ ಜೊತೆ ಡೀಸೆಲ್ ಕೂಡ ಹಾಳಾಗುತ್ತಿದೆ.