ಬಾಗಿಲು ಮುಚ್ಚಿದ್ದರೂ ಅಲಾರಂ ಪ್ಯಾನೆಲ್ ‘ತೆರೆದಿದೆ’ ಎಂದು ತೋರಿಸಿದರೆ ಏನು ಮಾಡಬೇಕು?

ಧಾರವಾಡದ ಸಾಧನಕೇರಿಯ ನಿಮ್ಮ ಮನೆಯಲ್ಲಿ ವೈರ್ ಎಳೆದು ಕೂರಿಸಿದ ಹಳೆಯ ಅಲಾರಂ ಇದೆ ಎಂದು ಬರೆದಿದ್ದೀರಿ. ಮಳೆ ಹಿಡಿದಾಗಿನಿಂದ ಹಿತ್ತಲ ಬಾಗಿಲು ಮುಚ್ಚಿದ್ದರೂ ಆ ಝೋನ್ (ಅಂದರೆ ಆ ಬಾಗಿಲಿನಿಂದ ಪ್ಯಾನೆಲ್‌ಗೆ ಬರುವ ವೈರಿನ ಸಾಲು) ತೆರೆದಿದೆ ಎಂದೇ ಪ್ಯಾನೆಲ್ ತೋರಿಸುತ್ತದೆ, ಸೆನ್ಸರ್ ಬದಲಿಸಿದರೂ ಸರಿಹೋಗಿಲ್ಲ, ಹಾಗಾದರೆ ಇಡೀ ವ್ಯವಸ್ಥೆಯನ್ನೇ ಬದಲಿಸಬೇಕೆ ಎಂಬುದು ನಿಮ್ಮ ಪ್ರಶ್ನೆ. ಅದರ ಅಗತ್ಯ ಬೀಳಲಾರದು. ಹುಬ್ಬಳ್ಳಿ–ಧಾರವಾಡದ ಮನೆಗಳಲ್ಲಿ ಇಂಥ ಪ್ಯಾನೆಲ್‌ಗಳ ದುರಸ್ತಿಯೇ ನನ್ನ ಕೆಲಸ. ಈ ಲಕ್ಷಣ ಕಂಡಲ್ಲೆಲ್ಲ ದೋಷ ಸೆನ್ಸರ್‌ಗಿಂತ ಬಾಗಿಲಿನಲ್ಲೋ ವೈರಿನ ಜೋಡಣೆಯಲ್ಲೋ ಸಿಕ್ಕಿದ್ದೇ ಹೆಚ್ಚು.

ಬಾಗಿಲ ಸೆನ್ಸರ್‌ನೊಳಗೆ ಇರುವುದು ರೀಡ್ ಸ್ವಿಚ್. ಸಣ್ಣ ಗಾಜಿನ ನಳಿಗೆಯಲ್ಲಿರುವ ಎರಡು ತೆಳು ಲೋಹದ ಪಟ್ಟಿಗಳು, ಕದದ ಮೇಲಿನ ಅಯಸ್ಕಾಂತ ಹತ್ತಿರ ಬಂದಾಗ ಒಂದನ್ನೊಂದು ಮುಟ್ಟುತ್ತವೆ, ದೂರ ಸರಿದಾಗ ಬಿಡುತ್ತವೆ. 1936ರಲ್ಲಿ ಅಮೆರಿಕದ ಬೆಲ್ ಟೆಲಿಫೋನ್ ಪ್ರಯೋಗಾಲಯದಲ್ಲಿ ವಾಲ್ಟರ್ ಎಲ್‌ವುಡ್ ರೂಪಿಸಿದ ಈ ಸ್ವಿಚ್‌ನ ತುದಿಗಳು ಗಾಜಿನೊಳಗೆ ಭದ್ರವಾಗಿ ಮುಚ್ಚಿಕೊಂಡಿರುವುದರಿಂದ, ಗಾಜು ಬಿರುಕು ಬಿಡದ ಹೊರತು ತೇವ ಅವನ್ನು ಮುಟ್ಟುವುದಿಲ್ಲ. ಮಳೆಗಾಲದಲ್ಲಿ ಬದಲಾಗುವುದು ಕದದ ಮರ ಮತ್ತು ವೈರಿನ ತಾಮ್ರ; ಹುಡುಕಾಟವೂ ಅಲ್ಲಿಂದಲೇ ಶುರುವಾಗಬೇಕು.

ಮೊದಲು ಏನನ್ನೂ ಬಿಚ್ಚದೆ ಒಂದು ಪರೀಕ್ಷೆ ಮಾಡಿ. ಹಳೆಯ ಸ್ಪೀಕರ್‌ನಿಂದ ತೆಗೆದ ಅಯಸ್ಕಾಂತವೊಂದನ್ನು ಚೌಕಟ್ಟಿನ ಮೇಲಿನ ಸೆನ್ಸರ್‌ಗೆ ತಾಗಿಸಿ ಹಿಡಿದು, ಅತ್ತಿತ್ತ ಸ್ವಲ್ಪ ಸರಿಸುತ್ತ, ಮನೆಯವರೊಬ್ಬರಿಗೆ ಪ್ಯಾನೆಲ್ ನೋಡಲು ಹೇಳಿ. ಝೋನ್ ‘ಮುಚ್ಚಿದೆ’ ಎಂದು ತೋರಿಸಿದರೆ ವೈರೂ ಪ್ಯಾನೆಲ್ಲೂ ಸರಿಯಿವೆ, ತಪ್ಪು ಅಂತರದ್ದು. ಜಿಟಿಜಿಟಿ ಮಳೆಗೆ ಉಬ್ಬಿದ ಕದ ಚೌಕಟ್ಟಿನೊಳಗೆ ಪೂರ್ತಿ ಕೂರುವುದಿಲ್ಲ. ಚಿಲಕ ಬಿದ್ದಿದ್ದರೂ ಮೂಲೆಯೊಂದು ಬೆರಳು ದಪ್ಪ ಹೊರಗೇ ಉಳಿಯಬಹುದು. ಹೊರಮೈಗೆ ಸ್ಕ್ರೂ ಹಾಕುವ ಸಾಮಾನ್ಯ ಸೆನ್ಸರ್‌ಗಳು 15–20 ಮಿ.ಮೀ. ದಾಟಿದರೆ ನಂಬಿಕೆಗೆ ಅರ್ಹವಲ್ಲ, ನಾನಂತೂ 10 ಮಿ.ಮೀ. ಒಳಗೇ ಇಡುತ್ತೇನೆ. ಬಡಿಗರನ್ನು ಕರೆಸಿ ಈಗಲೇ ಕದವನ್ನು ಹೆರೆಸಬೇಡಿ. ಬೇಸಿಗೆಯಲ್ಲಿ ಮರ ಕುಗ್ಗಿದಾಗ ಸಂದು ಇನ್ನೂ ದೊಡ್ಡದಾಗುತ್ತದೆ. ಅಯಸ್ಕಾಂತದ ಸ್ಕ್ರೂ ಸಡಿಲಿಸಿ, ಅದನ್ನು ಸೆನ್ಸರ್‌ಗೆ ಸರಿಯಾಗಿ ಎದುರು ಬರುವಂತೆ ಸರಿಸಿದರೆ ಸಾಕು. ಕದ ಕಬ್ಬಿಣದ್ದಾಗಿದ್ದರೆ ಅದು ಅಯಸ್ಕಾಂತದ ಬಲವನ್ನು ತನ್ನತ್ತ ಎಳೆದುಕೊಳ್ಳುವುದರಿಂದ, ಹಿಂದೆ ಪ್ಲಾಸ್ಟಿಕ್ ಅಥವಾ ಮರದ ಚಕ್ಕೆ ಕೊಡಬೇಕಾಗುತ್ತದೆ.

ಅಯಸ್ಕಾಂತ ಹಿಡಿದರೂ ಝೋನ್ ಬದಲಾಗದಿದ್ದರೆ ಸೆನ್ಸರ್‌ನ ಮುಚ್ಚಳ ತೆಗೆಯಿರಿ. ಹಿತ್ತಲ ಕಡೆಯ ಸೆನ್ಸರ್‌ಗಳಲ್ಲಿ ನಾನು ಪದೇ ಪದೇ ಕಾಣುವುದು ಇದು: ಸ್ಕ್ರೂ ತಲೆಯ ಸುತ್ತ ಹಸಿರು ಪುಡಿ, ಅದರಡಿ ಕಪ್ಪಾದ ತಾಮ್ರದ ಎಳೆಗಳು, ಉಗುರಿನಿಂದ ಮುಟ್ಟಿದೊಡನೆ ಮುರಿಯುವ ತುದಿ. ಹೊಸ ಸೆನ್ಸರನ್ನು ಇದೇ ಕೊಳೆತ ತುದಿಗೆ ತಿರುಚಿ, ಮೇಲೊಂದು ಟೇಪ್ ಸುತ್ತಿ ಹೋಗಿದ್ದರೆ ನಿಮ್ಮ ತೊಂದರೆ ಹಾಗೆಯೇ ಉಳಿದದ್ದರಲ್ಲಿ ಆಶ್ಚರ್ಯವಿಲ್ಲ. ಹೊಳೆಯುವ ತಾಮ್ರ ಕಾಣುವವರೆಗೆ ವೈರನ್ನು ಹಿಂದಕ್ಕೆ ಕತ್ತರಿಸಿ, ಬೆಸುಗೆ ಹಾಕಿಸಿ, ಸ್ಲೀವ್ ತೊಡಿಸಿ.

ಜೋಡಣೆ ಚೆನ್ನಾಗಿದ್ದರೆ ಮಲ್ಟಿಮೀಟರ್ ಬೇಕು. ಪ್ಯಾನೆಲ್ ಡಬ್ಬಿ ತೆರೆಯುವ ಮುನ್ನ 230 ವೋಲ್ಟ್ ಪ್ಲಗ್ ತೆಗೆದು, 12 ವೋಲ್ಟ್ ಬ್ಯಾಟರಿಯ ಒಂದು ವೈರನ್ನೂ ಕಳಚಿ. ಆ ಝೋನ್‌ನ ಎರಡೂ ವೈರುಗಳನ್ನು ಟರ್ಮಿನಲ್‌ನಿಂದ ಬಿಡಿಸಿ, ಬಾಗಿಲು ಮುಚ್ಚಿದ ಸ್ಥಿತಿಯಲ್ಲಿ ಅವುಗಳ ನಡುವಿನ ಓಮ್ ಅಳೆಯಿರಿ. ಸೆನ್ಸರ್ ಕಡೆಯ ತುದಿಯಲ್ಲಿ ಒಂದು ರೆಸಿಸ್ಟರ್ (ಕರೆಂಟಿಗೆ ಗೊತ್ತಾದಷ್ಟು ತಡೆ ಒಡ್ಡುವ ಸಣ್ಣ ಬಿಡಿಭಾಗ) ಇರುವ ಸಾಮಾನ್ಯ ಪದ್ಧತಿಯಾದರೆ ಅದರ ಬೆಲೆಯೇ, ಅಂದರೆ ಪ್ಯಾನೆಲ್‌ಗೆ ತಕ್ಕಂತೆ 2.2 ಕಿಲೋ ಓಮ್, 5.6 ಕಿಲೋ ಓಮ್ ಹೀಗೆ, ಕಾಣಬೇಕು. ಏನೂ ತೋರಿಸದಿದ್ದರೆ ವೈರ್ ಎಲ್ಲೋ ತುಂಡಾಗಿದೆ, ಇಲ್ಲವೇ ಸೆನ್ಸರೇ ಕೆಟ್ಟಿದೆ. ಅಂಕಿ ನಿಲ್ಲದೆ ಏರಿಳಿಯುತ್ತಿದ್ದರೆ ನಡುವೆ ಕಣ್ಣಿಗೆ ಬೀಳದ ಇನ್ನೊಂದು ಜೋಡಣೆ ಕೊಳೆಯುತ್ತಿದೆ. ಅದೇ ಬೆಲೆಯ ರೆಸಿಸ್ಟರನ್ನು ನೇರವಾಗಿ ಪ್ಯಾನೆಲ್‌ನ ಟರ್ಮಿನಲ್‌ಗೆ ಹಾಕಿ, ಮತ್ತೆ ಕರೆಂಟು ಕೊಟ್ಟಾಗಲೂ ಝೋನ್ ತೆರೆದೇ ಇದ್ದರೆ ಮಾತ್ರ ಪ್ಯಾನೆಲ್ ಮೇಲೆ ಅನುಮಾನ ಪಡಬೇಕು. ಕೆಡುವುದು ಒಂದೇ ಝೋನ್ ಆಗಿರುವಾಗ ಬ್ಯಾಟರಿಯನ್ನು ದೂರುವುದರಲ್ಲಿ ಅರ್ಥವಿಲ್ಲ.

ಸೆನ್ಸರೇ ಕೆಟ್ಟಿದೆ ಎಂದು ತಿಳಿದರೂ ಹಳೆಯ ಕಂಪನಿಯದೇ ಬೇಕೆಂದು ಹುಡುಕಬೇಕಿಲ್ಲ. ಬಾಗಿಲು ಮುಚ್ಚಿದಾಗ ಸರ್ಕಿಟ್ ಕೂಡುವ ಯಾವುದೇ ಎರಡು ವೈರಿನ ಮ್ಯಾಗ್ನೆಟಿಕ್ ಸೆನ್ಸರ್ ನಡೆಯುತ್ತದೆ, ಹಳೆಯದರಲ್ಲಿದ್ದ ರೆಸಿಸ್ಟರನ್ನು ಮಾತ್ರ ಮರೆಯದೆ ಹೊಸದಕ್ಕೆ ಸೇರಿಸಬೇಕು. ಎಲ್ಲ ಮುಗಿದ ಮೇಲೆ ಬಾಗಿಲನ್ನು ನಿಧಾನವಾಗಿ ತೆರೆದು, ಪ್ಯಾನೆಲ್ ‘ತೆರೆದಿದೆ’ ಎಂದು ತೋರಿಸುವುದನ್ನೂ ಕಣ್ಣಾರೆ ನೋಡಿ. ಪಟ್ಟಿಗಳು ಅಂಟಿಕೊಂಡಿದ್ದರೆ, ಅಥವಾ ರೆಸಿಸ್ಟರನ್ನು ಪ್ಯಾನೆಲ್ ಡಬ್ಬಿಯಲ್ಲೇ ಕೂರಿಸಿ ದಾರಿಯಲ್ಲಿ ವೈರುಗಳು ಒಂದಕ್ಕೊಂದು ತಾಗಿದ್ದರೆ, ಬಾಗಿಲು ಹಾರುಹೊಡೆದಿದ್ದರೂ ಅಲಾರಂ ಸದ್ದು ಮಾಡುವುದಿಲ್ಲ.