ಗಿಫ್ಟ್ ಕಾರ್ಡ್ ಕೂಡ ಸಂಬಳವೇ

ಪ್ರಶ್ನೆ: ಮೇಡಂ, ಅಮೆರಿಕದಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಅಂಗಡಿ ಇದೆ. ಹನ್ನೊಂದು ಜನ ಕೆಲಸಕ್ಕಿದ್ದಾರೆ. ಕ್ರಿಸ್‌ಮಸ್‌ಗೆ ತಲಾ 100 ಡಾಲರ್ ಗಿಫ್ಟ್ ಕಾರ್ಡ್ ಕೊಡೋಣ ಅಂತಿದ್ದೇನೆ. ಬೋನಸ್ ಕೊಟ್ಟರೆ ತೆರಿಗೆ ಹಿಡಿಯಬೇಕು. ಕಾರ್ಡ್ ಆದರೆ ಉಡುಗೊರೆ, ತೆರಿಗೆ ಇಲ್ಲ ಅಲ್ವಾ?

ಉತ್ತರ: ಇದೆ. ಇದೇ ತಪ್ಪು ನಾನೂ ಮಾಡಿದವಳೇ. ಸ್ವಂತ ಆಫೀಸು ತೆರೆದ ವರ್ಷ, ಕೆಲಸಕ್ಕಿದ್ದ ಇಬ್ಬರು ಹುಡುಗಿಯರಿಗೆ 50 ಡಾಲರ್ ಕಾರ್ಡ್ ಕೊಟ್ಟು ‘ಆಫೀಸ್ ಖರ್ಚು’ ಅಂತ ಬರೆದುಬಿಟ್ಟೆ. ಮಾರ್ಚ್‌ನಲ್ಲಿ ನೆನಪಾಯಿತು. ವರ್ಷದ ಸಂಬಳ, ಹಿಡಿದ ತೆರಿಗೆ ತೋರಿಸುವ ಡಬ್ಲ್ಯೂ-2 ಚೀಟಿ ತಿದ್ದಿ ಕಳಿಸುವಷ್ಟರಲ್ಲಿ ಅವರು ರಿಟರ್ನ್ ಹಾಕಿಯಾಗಿತ್ತು. ಊರಿಗೆಲ್ಲ ಲೆಕ್ಕ ಹೇಳುವವಳು ಅವರಿಬ್ಬರ ಮುಂದೆ ಸಾರಿ ಕೇಳಿದೆ.

ಮಾಲೀಕ ಕೆಲಸಗಾರನಿಗೆ ಕೊಟ್ಟದ್ದನ್ನು ಅಲ್ಲಿನ ತೆರಿಗೆ ಕಾನೂನು ಉಡುಗೊರೆ ಅಂತ ಒಪ್ಪುವುದೇ ಇಲ್ಲ. ಅಪರೂಪಕ್ಕೆ ಕೊಡುವ, ಲೆಕ್ಕ ಇಡುವುದೇ ರಗಳೆ ಅನ್ನಿಸುವಷ್ಟು ಚಿಕ್ಕ ವಸ್ತುವಿಗೆ ಮಾತ್ರ ವಿನಾಯಿತಿ. ನಗದು, ಗಿಫ್ಟ್ ಕಾರ್ಡ್ ಇದರಲ್ಲಿ ಬರುವುದಿಲ್ಲ. 5 ಡಾಲರ್ ಕಾರ್ಡ್ ಆದರೂ ಸಂಬಳವೇ.

2004ರ ಒಂದು ಪ್ರಕರಣ ಕೇಳಿ. ಒಬ್ಬ ಮಾಲೀಕರು ಪ್ರತಿ ವರ್ಷ ಹ್ಯಾಮ್ (ಹಂದಿ ಮಾಂಸ), ಟರ್ಕಿ ಕೋಳಿ ಅಥವಾ ಗಿಫ್ಟ್ ಬುಟ್ಟಿ ಕೊಡುತ್ತಿದ್ದರು. ‘ನಮ್ಮ ಧರ್ಮಕ್ಕೆ ಆಗಲ್ಲ’, ‘ನಾವು ಅದನ್ನು ತಿನ್ನಲ್ಲ’ ಅಂತ ಕೆಲವರು ಗೊಣಗಿದರು. ಪಾಪ, ಅವರವರಿಗೆ ಬೇಕಾದ್ದು ಕೊಳ್ಳಲಿ ಅಂತ 35 ಡಾಲರ್ ಕೂಪನ್ ಕೊಟ್ಟರು. ಅದು ನಗದಿಗೆ ಸಮ, ತೆರಿಗೆ ಕಟ್ಟಿ ಅಂದಿತು ಅಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್! ಟರ್ಕಿಗೆ ಇಲ್ಲದ ತೆರಿಗೆ ಕೂಪನ್‌ಗೆ ಬಂತು. ನನಗಂತೂ ಇದು ಅನ್ಯಾಯ ಅನಿಸುತ್ತದೆ. ಆದರೆ ನಿಯಮ ಇರುವುದೇ ಹಾಗೆ.

ನಿಮ್ಮ ಲೆಕ್ಕಕ್ಕೆ ಬರೋಣ. ಬೋನಸ್ ತರದ ಹಣಕ್ಕೆ ಸಾಮಾನ್ಯವಾಗಿ ಹಿಡಿಯುವ ಫೆಡರಲ್, ಅಂದರೆ ಕೇಂದ್ರದ, ತೆರಿಗೆ 22%. ಸೋಷಿಯಲ್ ಸೆಕ್ಯುರಿಟಿ (ಪಿಂಚಣಿ), ಮೆಡಿಕೇರ್ (ಹಿರಿಯರ ಆರೋಗ್ಯ ವಿಮೆ) ಸೇರಿ 7.65%. ಒಟ್ಟು 29.65% ಕಡಿತ. ಅವರ ಕೈಗೆ ಪೂರ್ತಿ 100 ಸೇರಬೇಕೆಂದರೆ ನೀವು 142.15 ಡಾಲರ್ ಸಂಬಳ ಅಂತ ತೋರಿಸಬೇಕು. ಅದರ ಮೇಲೆ ನಿಮ್ಮ ಪಾಲಿನ 7.65% ಬೇರೆ. ಒಬ್ಬರಿಗೆ ಹತ್ತಿರ ಹತ್ತಿರ 153 ಡಾಲರ್ ಆಯಿತು. ರಾಜ್ಯದ ತೆರಿಗೆ ಇದ್ದರೆ ಇನ್ನೂ ಜಾಸ್ತಿ.

ಅದಕ್ಕೇ ನನ್ನ ಮಾತು ಕೇಳುವುದಾದರೆ, ವಸ್ತು ಕೊಡಿ. ಒಳ್ಳೆಯ ಕಂಬಳಿ, ಹಣ್ಣಿನ ಬುಟ್ಟಿ, ಅಂಥದ್ದು. ಇಷ್ಟೇ ಬೆಲೆ ಅಂತ ಕಾನೂನಿನಲ್ಲಿ ಬರೆದಿಲ್ಲ. ಆದರೆ 100 ಡಾಲರ್ ದಾಟಿದ್ದು ಚಿಕ್ಕದಲ್ಲ ಅಂತ ಐಆರ್‌ಎಸ್ ಒಮ್ಮೆ ಹೇಳಿದ್ದಿದೆ. ಮಿತಿ ಮೀರಿದರೆ ಮೀರಿದ ಭಾಗಕ್ಕಷ್ಟೇ ಅಲ್ಲ, ಪೂರ್ತಿ ಬೆಲೆಗೂ ತೆರಿಗೆ. ನಾನಾದರೆ 50-60ರಲ್ಲೇ ಮುಗಿಸುತ್ತೇನೆ. ಉಳಿದ ದುಡ್ಡಲ್ಲಿ ಎಲ್ಲರನ್ನೂ ಕರೆದು ಒಂದು ಪಾರ್ಟಿ ಮಾಡಿ. ಅದಕ್ಕೆ ಅವರಿಗೆ ತೆರಿಗೆ ಇಲ್ಲ, ನಿಮಗೆ ಆ ಖರ್ಚನ್ನು ಆದಾಯದಿಂದ ಪೂರ್ತಿ ಕಳೆಯಲು ಸಿಗುತ್ತದೆ. ಮ್ಯಾನೇಜರ್‌ಗಳನ್ನಷ್ಟೇ ಕರೆದರೆ ಈ ಅನುಕೂಲ ಇಲ್ಲ.

ಕಾರ್ಡ್ ಆಗಲೇ ಕೊಂಡಾಗಿದೆಯಾ? ಹಾಗಾದರೆ ಡಿಸೆಂಬರ್‌ನ ಕೊನೆಯ ಸಂಬಳದ ಮೊದಲೇ ಪೇರೋಲ್ ನೋಡುವವರಿಗೆ ಹೇಳಿ, ಅದರಲ್ಲೇ ಸೇರಿಸಿಬಿಡಿ.